ತಳದಿಂದ ಓದುವ ಕಾಕಾ

ಗುರುಬಸು ಕಾಕಾ ಯಾವ ಕಾಗದವನ್ನೇ ಆಗಲಿ ತಳದಿಂದ ಮೇಲಕ್ಕೆ ಓದುತ್ತಿದ್ದರು. ಲೈಟ್ ಬಿಲ್ ಕೊಟ್ಟರೂ ಅಷ್ಟೇ, ಲಗ್ನಪತ್ರಿಕೆ ಕೊಟ್ಟರೂ ಅಷ್ಟೇ. ಹಣೆಯ ಮೇಲಿನ ಕನ್ನಡಕವನ್ನು ಮೂಗಿಗೆ ಇಳಿಸಿ, ಹೆಬ್ಬೆರಳನ್ನು ಕಟ್ಟಕಡೆಯ ಸಾಲಿನ ಮೇಲಿಟ್ಟು, ಅಲ್ಲಿಂದ ಒಂದೊಂದೇ ಸಾಲು ಹತ್ತುತ್ತ ಬರುವರು. ಮೇಲಿನ ದೊಡ್ಡಕ್ಷರಕ್ಕೆ ಬಂದು ಮುಟ್ಟುವ ಹೊತ್ತಿಗೆ ಅವರ ತೀರ್ಮಾನ ಆಗಿಹೋಗಿರುತ್ತಿತ್ತು. ತಮ್ಮ ಸ್ವಂತ ಮಗಳ ಲಗ್ನಪತ್ರಿಕೆ ಅಚ್ಚಾಗಿ ಬಂದಾಗಲೂ ಹೀಗೇ ಓದಿ, ಊಟದ ಹೊತ್ತು ಹಾಕಿಲ್ಲವೆಂದು ಪ್ರೆಸ್ಸಿಗೆ ವಾಪಸ್ಸು ಕಳಿಸಿದ್ದರಂತೆ. ಮೇಲೆ ಮದುಮಗನ ಹೆಸರೇ ತಪ್ಪಾಗಿದ್ದುದು ಅವರ ಕಣ್ಣಿಗೆ ಬಿದ್ದಿರಲಿಲ್ಲ. ಈ ಕಥೆಯನ್ನು ಅವರ ಹೆಂಡತಿ ಕಾಕೂ ನಮಗೆ ಹತ್ತು ಸಲವಾದರೂ ಹೇಳಿದ್ದಾರೆ.

"ಮ್ಯಾಲ ಬರ್ರಿ ಬರ್ರಿ ಅಂತ ದೊಡ್ಡದಾಗಿ ಬರದಿರ್ತಾರವ್ವಾ. ಯಾರ್ ಬರಬಾರದು ಅನ್ನೂದು ತಳಗ ಸಣ್ಣಾಗಿ ಇರ್ತದ," ಎನ್ನುತ್ತಿದ್ದರು. "ನಾವು ಯಾರು? ನಾವು ತಳಗಿನವ್ರು. ಅದಕ್ಕ ಅಲ್ಲಿಂದ ಓದಬೇಕು."

ಗಡಿಯಂಚಿನಲ್ಲಿರುವ ಮಹಾರಾಷ್ಟ್ರದ ಶೇಗಾಂವದ ಬಸ್ ಸ್ಟ್ಯಾಂಡಿನ ಎದುರು ಅವರ ಅಂಗಡಿ. ಝೆರಾಕ್ಸ್, ಲ್ಯಾಮಿನೇಶನ್, ಆನ್‌ಲೈನ್ ಫಾರ್ಮ್ ಎಂದು ಬೋರ್ಡಿನ ಅರ್ಧದಲ್ಲಿ ಮರಾಠಿ, ಇನ್ನರ್ಧದಲ್ಲಿ ಕನ್ನಡ. ಒಂದು ಕಂಪ್ಯೂಟರು, ಪಕ್ಕೆಗೆ ಎರಡು ಸಲ ಬಡಿದರೆ ಮಾತ್ರ ಕೆಲಸ ಮಾಡುವ ಒಂದು ಪ್ರಿಂಟರು, ಗಿರಾಕಿಗಳು ಕೂರಲು ಒಂದು ಬೆಂಚು. ಹೊಲದ ಪಹಣಿ ಉತಾರೆ, ಜಾತಿ ದಾಖಲಾ, ಬೆಳೆವಿಮೆ ಎಂದು ಸುತ್ತಲ ಹಳ್ಳಿಯ ಜನ ಬರುತ್ತಿದ್ದರು. ಆ ಕೆಲಸವನ್ನೆಲ್ಲ ಕಾಕಾ ನಿದ್ದೆಗಣ್ಣಿನಲ್ಲಿದ್ದವರ ಹಾಗೆ ಮಾಡಿ ಮುಗಿಸುತ್ತಿದ್ದರು. ಅವರ ಎಚ್ಚರವೆಲ್ಲ ಬೇರೆ ಕಡೆ ಇತ್ತು. ಎಲ್ಲಿ ಹೈಸ್ಕೂಲು ಮಕ್ಕಳಿಗೆ ವಿಜ್ಞಾನ ಸ್ಪರ್ಧೆ ಇದೆ, ಯಾವ ಸಂಸ್ಥೆ ಬೇಸಗೆಯಲ್ಲಿ ಮಕ್ಕಳನ್ನು ಕರೆದು ಲ್ಯಾಬಿನಲ್ಲಿ ಸಂಶೋಧನೆ ಮಾಡಿಸುತ್ತದೆ, ಅದಕ್ಕೆ ಕೊನೆಯ ತಾರೀಖು ಯಾವುದು, ನಮ್ಮ ಕಡೆಯ ಯಾವ ಹುಡುಗ ಹುಡುಗಿ ಅದಕ್ಕೆ ಹೊಂದುತ್ತಾರೆ, ಇದನ್ನೇ ದಿನವಿಡೀ ಹುಡುಕುವರು. ಹುಡುಕಿಕೊಡಿ ಎಂದು ಅವರನ್ನು ಕೇಳಿದವರು ಯಾರೂ ಇಲ್ಲ. ಕಾಕಾಗೆ ಸೈನ್ಸಿನ ಹುಚ್ಚು ಎಂದು ಜನ ನಕ್ಕು ಸುಮ್ಮನಾಗಿದ್ದರು.

ಹುಚ್ಚಿಗೆ ಕಾರಣವನ್ನು ಅವರು ಒಂದೇ ಸಲ ಹೇಳಿದ್ದು. ಕನ್ನಡ ಶಾಲೆಯಲ್ಲಿ ಕಲಿತು, ಗಣಿತ ವಿಜ್ಞಾನದಲ್ಲಿ ಎಲ್ಲರಿಗಿಂತ ಮುಂದಿದ್ದು, ಬಿಎಸ್‌ಸಿಗೆಂದು ಸಾಂಗಲಿಗೆ ಹೋದವರು ಎಂಟು ತಿಂಗಳಿಗೆ ಟ್ರಂಕು ಹೊತ್ತು ವಾಪಸ್ಸು ಬಂದರಂತೆ. "ಹಲಗಿ ಮ್ಯಾಲ ಬರದದ್ದು ಎಲ್ಲಾ ತಿಳೀತಿತ್ತವ್ವಾ. ಬಾಯಿಲೆ ಮರಾಠ್ಯಾಗ ಹೇಳಿದ್ದು ತಿಳೀತಿರಲಿಲ್ಲ. ಒಂದ್ ದಿನ ಪ್ರೊಫೆಸರ್ ಎಬ್ಬಿಸಿ ನಿಂದ್ರಿಸಿ ಕೇಳಿದ್ರು. ಉತ್ತರ ಗೊತ್ತಿತ್ತು. ಕನ್ನಡದಾಗ ಗೊತ್ತಿತ್ತು. ಮೂಕನಂಗ ನಿಂತೆ. ಎಲ್ಲಾರೂ ನಕ್ರು." ಇಷ್ಟು ಹೇಳಿ, ಪ್ರಿಂಟರಿನ ಪಕ್ಕೆಗೆ ಎರಡು ಸಲ ಬಡಿದರು. ಆಗ ಅದರಲ್ಲಿ ಕಾಗದವೇ ಇರಲಿಲ್ಲ.

ನಾನು ಅವರ ಕೈಗೆ ಸಿಕ್ಕಿದ್ದು ಒಂಬತ್ತನೇ ಇಯತ್ತೆ, ಅಂದರೆ ಒಂಬತ್ತನೇ ತರಗತಿಯಲ್ಲಿದ್ದಾಗ. ನಮ್ಮೂರು ಸೊರಡಿ. ಅಪ್ಪನದು ಕುರಿ ಕಾಯುವ ಕೆಲಸ, ಜೊತೆಗೆ ಒಂದಿಷ್ಟು ಮಳೆಯಾಶ್ರಯದ ಹೊಲ. ನನ್ನ ಜಾತಿ ದಾಖಲೆ ಮಾಡಿಸಲು ಅಪ್ಪ ನನ್ನನ್ನು ಕರೆದುಕೊಂಡು ಕಾಕಾನ ಅಂಗಡಿಗೆ ಬಂದಿದ್ದ. ನನ್ನ ಕೈಯಲ್ಲಿ ಒಂದು ಕಡ್ಡಿಪೆಟ್ಟಿಗೆ ಇತ್ತು. ಕಾಕಾ ಫಾರ್ಮು ತುಂಬುತ್ತಲೇ, "ಅದರಾಗ ಏನದವ್ವಾ?" ಎಂದು ಕೇಳಿದರು. ನಾಚಿಕೊಂಡು ತೆರೆದು ತೋರಿಸಿದೆ. ಒಳಗೆ ಒಣಗಿದ ಕುರಿ ಹಿಕ್ಕೆ.

ಅಪ್ಪ ನನ್ನ ಕಡೆ ಕಣ್ಣು ಕೆಂಪಗೆ ಮಾಡಿದ. ಆದರೆ ಆ ಹಿಕ್ಕೆಯ ಹಿಂದೆ ಅಪ್ಪನದೇ ಒಂದು ಸಂಕಟವಿತ್ತು. ನಮ್ಮ ಕಡೆ ಗೊಬ್ಬರಕ್ಕೆಂದು ಹೊಲದಲ್ಲಿ ರಾತ್ರಿ ಕುರಿಹಿಂಡು ಕೂಡಿಸುವ ರೂಢಿ. ಹೊಲದವರು ಕರೆದು ಕೂಡಿಸಿಕೊಳ್ಳುತ್ತಾರೆ. ಆ ಎರಡು ವರ್ಷಗಳಲ್ಲಿ ಅಪ್ಪ ಹಿಂಡು ಕೂಡಿಸಿದ ಹೊಲಗಳಲ್ಲೆಲ್ಲ ಮಳೆ ಬಿದ್ದದ್ದೇ ತಡ ಬಳ್ಳಾರಿ ಜಾಲಿಯ ಸಸಿಗಳು ಎದ್ದು ನಿಂತವು. ನಿನ್ನ ಕುರಿ ನಮ್ಮ ಹೊಲಕ್ಕೆ ಮುಳ್ಳು ಬಿತ್ತಿದವು ಎಂದು ರೈತರು ಬೈದರು. ಕುರಿ ತಿಂದದ್ದನ್ನು ಅರಗಿಸಿಕೊಳ್ಳುತ್ತವೆ, ಬೀಜ ಹೇಗೆ ಉಳಿದೀತು ಎಂದು ಅಪ್ಪ ವಾದಿಸುತ್ತಿದ್ದ. ಯಾರು ಹೇಳಿದ್ದು ನಿಜ ಎಂದು ನೋಡಲು ನಾನು ಹಿಕ್ಕೆ ಒಡೆದು ಬೀಜ ಹುಡುಕಿದೆ, ಬೀಜ ಸಿಕ್ಕವು, ಬಿತ್ತಿದೆ, ಮೊಳೆತವು. ಅಪ್ಪನಿಗೆ ಹೇಳಲು ಧೈರ್ಯ ಸಾಲದೆ ಪೆಟ್ಟಿಗೆ ಹಿಡಿದುಕೊಂಡು ತಿರುಗುತ್ತಿದ್ದೆ.

ಕಾಕಾ ಕೀಬೋರ್ಡಿನಿಂದ ಕೈ ತೆಗೆದರು. "ಕುರಿ ತಿನ್ನಲಾರದ ಬೀಜಾನೂ ಬಿತ್ತಿ ನೋಡೀಯೇನು?"

"ಇಲ್ರಿ."

"ಮತ್ತ ಕುರೀದು ತಪ್ಪು ಅಂತ ಹೆಂಗ್ ಹೇಳ್ತಿ? ಗಿಡದಿಂದ ನೇರ ಬಿದ್ದ ಬೀಜಾನೂ ಅಷ್ಟ ಮೊಳಿತಿದ್ರ ಕುರಿ ಪಾಪ ಏನ್ ಮಾಡೀತು? ಎರಡೂ ಜೋಡಿ ಬಿತ್ತಿ ಎಣಿಸಬೇಕು." ಆಮೇಲೆ ಅಪ್ಪನ ಕಡೆ ತಿರುಗಿ, "ಬೀರಪ್ಪಾ, ಈ ಹುಡುಗಿನ್ನ ಬೈಬ್ಯಾಡ. ಇಕಿ ನಿನ್ನ ಕುರಿ ವಕೀಲಕಿ ಆಗ್ಯಾಳ," ಎಂದರು.

"ವಕೀಲಕಿ ಅಲ್ರಿ ಅಣ್ಣಾರ, ನಮ್ಮ ವಿರುದ್ಧ ಸಾಕ್ಷಿ ಹೇಳಾಕ ಹೊಂಟಾಳ," ಎಂದ ಅಪ್ಪ. ಹಾಗೆಂದರೂ ಅವನ ಸಿಟ್ಟು ಇಳಿದಿತ್ತು. ಅಂದು ಅಂಗಡಿಯಿಂದ ಹೊರಬಿದ್ದ ಮೇಲೆಯೇ ನೆನಪಾದದ್ದು, ನಾವು ಮಾಡಿಸಲು ಬಂದ ಜಾತಿ ದಾಖಲೆಯ ಫಾರ್ಮು ಅರ್ಧಕ್ಕೇ ನಿಂತಿತ್ತು.

ಅಲ್ಲಿಂದ ಮುಂದೆ ಶಾಲೆ ಬಿಟ್ಟ ಮೇಲೆ ವಾರಕ್ಕೆರಡು ಸಲವಾದರೂ ಶೇಗಾಂವಕ್ಕೆ ಹೋಗುವುದಾಯಿತು. ಶಾಲೆಯಲ್ಲಿ ವಿಜ್ಞಾನಕ್ಕೆ ಮಾಸ್ತರರಿರಲಿಲ್ಲ. ಒಂದು ಸೂಕ್ಷ್ಮದರ್ಶಕ ಇತ್ತಾದರೂ ಅದು ಕಪಾಟಿನಲ್ಲಿತ್ತು, ಕಪಾಟಿನ ಕೀಲಿ ಎಲ್ಲಿದೆಯೆಂದು ಯಾರಿಗೂ ಗೊತ್ತಿರಲಿಲ್ಲ. ಕಾಕಾನ ಅಂಗಡಿಯ ಹಿಂದುಗಡೆ ಮೂರು ಸಾಲು ಕುಂಡ ಇಟ್ಟೆವು. ಒಂದರಲ್ಲಿ ಗಿಡದ ಬೀಜ, ಒಂದರಲ್ಲಿ ನೀರಿನಲ್ಲಿ ನೆನೆಸಿದ್ದು, ಒಂದರಲ್ಲಿ ಹಿಕ್ಕೆಯದು. ಹಿಕ್ಕೆ ಯಾವ ಕುರಿಯದು, ಅದು ಎಷ್ಟು ಕಾಯಿ ತಿಂದಿತ್ತು ಎಂದು ಗೊತ್ತಾಗಲು ಅವ್ವ ಹಳೇ ಸೀರೆಯಿಂದ ಒಂದು ಚೀಲ ಹೊಲಿದು ಟಗರಿನ ಹಿಂದೆ ಕಟ್ಟಿದಳು. ಟಗರಿಗೆ ಲಂಗೋಟಿ ಹಾಕ್ಯಾರ ಎಂದು ಊರಲ್ಲಿ ಒಂದು ವಾರ ನಗೆಯೋ ನಗೆ. ಅಪ್ಪ ಆ ಟಗರನ್ನು ಹಿಂಡಿನ ನಡುವೆ ಬಚ್ಚಿಟ್ಟುಕೊಂಡು ಹೋಗುತ್ತಿದ್ದ. ಕಡೆಗೆ ಎಣಿಸಿ ನೋಡಿದರೆ ಹಿಕ್ಕೆಯ ಬೀಜವೇ ಎಲ್ಲಕ್ಕಿಂತ ಹೆಚ್ಚು ಮೊಳೆತಿತ್ತು.

ಕಾಕಾನ ಹತ್ತಿರ ಒಂದು ಉದ್ದನೆಯ ರಜಿಸ್ಟರು ಇತ್ತು. ಕೆಂಪು ಬಟ್ಟೆಯ ರಟ್ಟು, ಮೂಲೆಗಳು ಸವೆದು ಬೆಳ್ಳಗಾಗಿದ್ದವು. ಪುಟಕ್ಕೆ ಐದು ಕಾಲಂ: ಸ್ಪರ್ಧೆಯ ಹೆಸರು, ಕೊನೆಯ ತಾರೀಖು, ಷರತ್ತು, ನಮ್ಮ ಕಡೆಯ ಯಾರು, ಯಾಕೆ ಆಗಲಿಲ್ಲ. ಐದನೆಯ ಕಾಲಮ್ಮನ್ನೂ ಮೊದಲೇ ಗೆರೆ ಹಾಕಿ ಇಟ್ಟಿದ್ದರು ಎಂಬುದನ್ನು ಗಮನಿಸಿ ನಾನು ಒಮ್ಮೆ ನಕ್ಕಿದ್ದೆ. ಅದು ಖಾಲಿ ಉಳಿದ ಸಾಲು ಇಡೀ ರಜಿಸ್ಟರಿನಲ್ಲಿ ಒಂದೂ ಇರಲಿಲ್ಲ. ಮಾಧ್ಯಮ. ವಯಸ್ಸು. ಶಾಲೆಯ ಸಹಿ, ಶಿಕ್ಕಾ ಸಿಗಲಿಲ್ಲ. ಇಂಗ್ಲಿಷಿನಲ್ಲಿ ಪ್ರಬಂಧ. ಮಾರ್ಗದರ್ಶಕ ಶಿಕ್ಷಕರಿಲ್ಲ. ಹುಡುಗಿಯ ಮದುವೆ. ಮಾಧ್ಯಮ. ಮಾಧ್ಯಮ. ವರ್ಷಾನುಗಟ್ಟಲೆ ಹೀಗೆಯೇ ಒಂದೇ ಅಕ್ಷರದಲ್ಲಿ, ಒಂದೇ ನೀಲಿ ಶಾಯಿಯಲ್ಲಿ.

ನಮ್ಮ ಕಡೆಯ ಮಕ್ಕಳ ಪಾಡು ಗೊತ್ತಿಲ್ಲದವರಿಗೆ ಈ "ಮಾಧ್ಯಮ" ಎಂಬ ಶಬ್ದ ಅರ್ಥವಾಗುವುದು ಕಷ್ಟ. ಜತ್ತ ತಾಲೂಕಿನ ಎಷ್ಟೋ ಹಳ್ಳಿಗಳಲ್ಲಿ ಮನೆಮಾತು ಕನ್ನಡ, ಶಾಲೆ ಕನ್ನಡ, ಕಚೇರಿ ಮರಾಠಿ. ಕಂಪ್ಯೂಟರಿನಲ್ಲಿ ಫಾರ್ಮು ತೆರೆದರೆ ಮಾಧ್ಯಮ ಯಾವುದೆಂದು ಆರಿಸಲು ಒಂದು ಪಟ್ಟಿ ಇಳಿಯುತ್ತದೆ. ಈ ಕಡೆಯ ಫಾರ್ಮಿನ ಪಟ್ಟಿಯಲ್ಲಿ ಕನ್ನಡ ಇರುತ್ತಿರಲಿಲ್ಲ. ಆ ಕಡೆಯ, ಕರ್ನಾಟಕದ ಫಾರ್ಮಿನಲ್ಲಿ ಕನ್ನಡ ಇರುತ್ತಿತ್ತು, ಆದರೆ ಜಿಲ್ಲೆಗಳ ಪಟ್ಟಿಯಲ್ಲಿ ಸಾಂಗಲಿ ಇರುತ್ತಿರಲಿಲ್ಲ. ಕಾಕಾ ಪಟ್ಟಿಯ ಮೇಲೆ ಮೌಸು ಓಡಿಸುತ್ತ, ಮೇಲೆ ಹೋಗಿ ಕೆಳಗೆ ಬಂದು, ಇಲ್ಲವೆಂದು ಗೊತ್ತಿದ್ದರೂ ಇನ್ನೊಮ್ಮೆ ಮೇಲೆ ಹೋಗಿ ಕೆಳಗೆ ಬರುವರು. ನೋಡುತ್ತ ಕೂತ ನನಗೆ ಸಿಟ್ಟು ಬರುತ್ತಿತ್ತು. ಅವರಿಗೆ ಬಂದದ್ದನ್ನು ನಾನು ನೋಡಲಿಲ್ಲ.

ಸಿಟ್ಟಿನ ಬದಲು ಅವರು ಫೋನು ಮಾಡುತ್ತಿದ್ದರು. ಜಾಹೀರಾತಿನ ತಳದಲ್ಲಿ ಯಾವ ನಂಬರಿದ್ದರೂ ಬಿಡುತ್ತಿರಲಿಲ್ಲ. ಪುಣೆಗೆ ಮರಾಠಿ, ಬೆಂಗಳೂರಿಗೆ ಕನ್ನಡ, ದಿಲ್ಲಿಗೆ ಅವರದೇ ಆದ ಒಂದು ಹಿಂದಿ. "ಹಲೋ, ಮೈ ಜತ್ತ ಸೇ ಬೋಲತಾ. ಜತ್ತ, ಜತ್ತ. ಹಮಾರಾ ಏಕ ಲಡಕೀ ಹೈ, ಭಾಳ ಹುಶಾರ ಹೈ," ಎಂದು ಬಸ್ ಸ್ಟ್ಯಾಂಡಿಗೆಲ್ಲ ಕೇಳುವ ಹಾಗೆ ಕೂಗುವರು. ಪುಣೆಯವರು, ಮಹಾರಾಷ್ಟ್ರದಲ್ಲಿ ಕನ್ನಡ ಶಾಲೆ ಹೇಗೆ ಎಂದು ಕೇಳುವರು. ಬೆಂಗಳೂರಿನವರು, ಕನ್ನಡ ಶಾಲೆ ಮಹಾರಾಷ್ಟ್ರದಲ್ಲಿ ಹೇಗೆ ಎಂದು ಕೇಳುವರು. ಇಬ್ಬರಿಗೂ ಕಾಕಾ ಅಷ್ಟೇ ಸಮಾಧಾನದಿಂದ ಮೊದಲಿನಿಂದ ಹೇಳುತ್ತಿದ್ದರು. ಫೋನಿಟ್ಟು, "ಭಾಳ ಚಲೋ ಮಾತಾಡಿದ್ರು. ಆಗೂದಿಲ್ಲ ಅಂದ್ರು," ಎನ್ನುತ್ತಿದ್ದರು.

ಆ ವರ್ಷದ ಚಳಿಗಾಲದಲ್ಲಿ ಎರಡು ದಾರಿಗಳು ಒಟ್ಟಿಗೇ ತೆರೆದವು. ಒಂದು, ನಮ್ಮ ಜಿಲ್ಲೆಯ ವಿಜ್ಞಾನ ಪ್ರದರ್ಶನ. ಪ್ರವೇಶಕ್ಕೆ ತೊಂದರೆ ಇರಲಿಲ್ಲ, ಆದರೆ ವಿವರಣೆ ಮರಾಠಿಯಲ್ಲಿ ಕೊಡಬೇಕು. ಇನ್ನೊಂದು, ವಿಜಯಪುರದಲ್ಲಿ ಕನ್ನಡ ಮಾಧ್ಯಮದ ಮಕ್ಕಳಿಗಾಗಿ ಒಂದು ಸಂಸ್ಥೆ ನಡೆಸುವ ಸ್ಪರ್ಧೆ. ಅದರಲ್ಲಿ ಆಯ್ಕೆಯಾದವರಿಗೆ ಬೇಸಗೆಯಲ್ಲಿ ಮೂರು ವಾರ ದೊಡ್ಡ ಲ್ಯಾಬಿನಲ್ಲಿ ಕೆಲಸ, ಪ್ರತಿಯೊಬ್ಬರ ಮುಂದೆ ಒಂದೊಂದು ಸೂಕ್ಷ್ಮದರ್ಶಕ. ಒಂಬತ್ತನೆಯ ತರಗತಿಯವರಿಗೆ ಮಾತ್ರ. ಎರಡೂ ಒಂದೇ ಶನಿವಾರ.

ಆ "ಒಂದೊಂದು ಸೂಕ್ಷ್ಮದರ್ಶಕ" ಎಂಬ ಸಾಲನ್ನು ನಾನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ಕುರಿಯ ಹೊಟ್ಟೆಯಲ್ಲಿ ಬೀಜದ ಸಿಪ್ಪೆಗೆ ಏನಾಗುತ್ತದೆ, ಅದು ತೆಳುವಾಗುತ್ತದೋ ಬಿರಿಯುತ್ತದೋ, ಅದನ್ನು ಕಣ್ಣಾರೆ ನೋಡಬೇಕಿತ್ತು. ಬದುಕಿನಲ್ಲಿ ನಾನು ಅಷ್ಟು ಗಟ್ಟಿಯಾಗಿ ಬಯಸಿದ್ದು ಮತ್ತೇನೂ ಇಲ್ಲ. ಈಗ ಹೇಳಿಕೊಳ್ಳಲು ನಾಚಿಕೆಯೂ ಇಲ್ಲ.

ಕಾಕಾ ಮೊದಲು ಸಾಂಗಲಿಯ ದಾರಿಯನ್ನೇ ಹಿಡಿದಿದ್ದರು. ಮೂರು ದಿನ ಕೂತು ನನ್ನ ಚಾರ್ಟನ್ನು ಮರಾಠಿಗೆ ಬರೆದರು, ನನಗೆ ಬಾಯಿಪಾಠ ಮಾಡಿಸಿದರು. ಸಂತೆಯ ಮರಾಠಿ ನನಗೆ ಬರುತ್ತಿತ್ತು, ಕುರಿ ವ್ಯಾಪಾರಕ್ಕೆ ಬಂದವರೊಡನೆ ಮಾತಾಡುವಷ್ಟು. ನಾಲ್ಕನೆಯ ದಿನ ಬಸ್ಸಿಗೆ ಕಾಯುತ್ತಿದ್ದ ಒಬ್ಬ ಮರಾಠಿ ಮಾಸ್ತರರನ್ನು ಕರೆದು ಬೆಂಚಿನ ಮೇಲೆ ಕೂರಿಸಿ, "ಏನರ ಕೇಳ್ರಿ ಇಕಿನ್ನ," ಎಂದರು. ಆ ಮಾಸ್ತರರು ಒಳ್ಳೆಯವರು, ಸುಲಭದ್ದನ್ನೇ ಕೇಳಿದರು. ನನಗೆ ಉತ್ತರ ಗೊತ್ತಿತ್ತು. ಗಂಟಲಿನಿಂದ ಒಂದು ಶಬ್ದವೂ ಹೊರಡಲಿಲ್ಲ. ಸುಮ್ಮನೆ ಕುಂಡ ಹಿಡಿದು ನಿಂತೆ. ತಲೆ ಎತ್ತಿದಾಗ ಕಾಕಾ ನನ್ನನ್ನು ನೋಡುತ್ತಿದ್ದ ರೀತಿ ಇನ್ನೂ ನೆನಪಿದೆ. ಅಳು ಬಂದದ್ದು ನನಗೆ, ಆದರೆ ಮುಖ ಸಣ್ಣದಾದದ್ದು ಅವರದು.

ಮರುದಿನ ಹೋದರೆ ವಿಜಯಪುರದ ಫಾರ್ಮು ಪರದೆಯ ಮೇಲಿತ್ತು. ತಳದಿಂದ ಅವರು ಅದನ್ನು ಓದಿಯೇ ಇದ್ದರು. ಕರ್ನಾಟಕದವರಿಗೆ ಮಾತ್ರ ಎಂಬುದನ್ನು ಕಂಡೇ ಇದ್ದರು.

"ನೀ ಹುಟ್ಟಿದ್ದು ಎಲ್ಲೆವ್ವಾ?"

"ಅಜ್ಜಿ ಊರಾಗ್ರಿ. ಚಡಚಣದ ಕಡಿ."

"ಅದ ಮತ್ತ. ಚೊಚ್ಚಲ ಬಾಣಂತನ ತವರಮನ್ಯಾಗ. ಹುಟ್ಟಿದ ದಾಖಲಾ ವಿಜಯಪುರ ಜಿಲ್ಲಾದ್ದು. ಖಾಯಂ ವಿಳಾಸ ಅಂತ ಕೇಳ್ಯಾರ, ಅಜ್ಜಿ ಮನಿ ಖಾಯಂ ಅಲ್ಲೇನು? ಇದರಾಗ ಸುಳ್ಳೇನದ?"

ನಮ್ಮ ಕಡೆ ಇದು ನಿಜಕ್ಕೂ ಸುಳ್ಳಲ್ಲ. ಅರ್ಧ ಜನರಿಗೆ ಹುಟ್ಟಿದ ಊರು ಆ ಕಡೆ, ಬೆಳೆದ ಊರು ಈ ಕಡೆ. ಲಗ್ನ, ಸಂತೆ, ದವಾಖಾನೆ ಎಲ್ಲದಕ್ಕೂ ಗಡಿ ದಾಟುತ್ತಲೇ ಇರುತ್ತೇವೆ, ದಾಟಿದೆವೆಂದು ಅನ್ನಿಸುವುದೂ ಇಲ್ಲ. ಆದರೂ ನಾನು ಕೇಳಿದೆ, "ಸಾಲಿ ಯಾವ ಊರಾಗ ಅಂತ ಕೇಳಿದ್ರ?"

"ಮದ್ಲ ಒಳಗ ಹೋಗೂಣು. ನಿನ್ನ ಕೆಲಸ ನೋಡಿದ ಮ್ಯಾಲ ಯಾವ ಶಾಣ್ಯಾ ಊರ ಕೇಳ್ತಾನ?" ಎಂದರು. ನಂತರ ಧ್ವನಿ ತಗ್ಗಿಸಿ, "ಸಾಂಗಲ್ಯಾಗ ನೀ ಮೂಕಾಗಿ ನಿಂದ್ರೂದು ನನಗ ನೋಡೂದು ಆಗೂದಿಲ್ಲವ್ವಾ," ಎಂದರು.

ಬದುಕಿನುದ್ದಕ್ಕೂ ತಳದ ಸಾಲನ್ನೇ ನಂಬಿದ್ದ ಮನುಷ್ಯ ಆ ಒಂದು ಸಲ ಮಾತ್ರ ಅದನ್ನು ಓದಿಯೂ ಬಿಟ್ಟುಕೊಟ್ಟರು. ನನ್ನ ಸಲುವಾಗಿ.

ಶನಿವಾರ ಬೆಳಿಗ್ಗೆ ಮೊದಲ ಬಸ್ಸಿಗೆ ನಾನು, ಕಾಕಾ, ಮೂರು ಕುಂಡ, ಒಂದು ಚಾರ್ಟು ಹೊರಟೆವು. ಕಾಕಾ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿ, ಹಣೆಗೆ ದಟ್ಟವಾಗಿ ವಿಭೂತಿ ಹಚ್ಚಿದ್ದರು. ವಿಜಯಪುರದಲ್ಲಿ ಒಂದು ದೊಡ್ಡ ಸಭಾಂಗಣ, ಸಾಲಾಗಿ ಮೇಜುಗಳು. ನನ್ನ ಮೇಜಿನ ಹತ್ತಿರ ಒಬ್ಬ ನಡುವಯಸ್ಸಿನ ಮೇಡಂ ಬಂದು ನಿಂತರು. ಐದು ನಿಮಿಷಕ್ಕೆಂದು ಬಂದವರು ಅರ್ಧ ತಾಸು ಹೋಗಲಿಲ್ಲ. ನೆಲಕ್ಕೆ ಕುಕ್ಕರಗಾಲಲ್ಲಿ ಕೂತು ಕುಂಡಗಳನ್ನು ನೋಡಿದರು. ಟಗರಿನ ಲಂಗೋಟಿಯ ಮಾತು ಬಂದಾಗ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ. ಕೇಳಿದ್ದಕ್ಕೆಲ್ಲ ಉತ್ತರ ಹೇಳಿದೆ, ಕೇಳದ್ದನ್ನೂ ಹೇಳಿದೆ. ನನ್ನ ಬಾಯಿಂದ ಅಷ್ಟು ಮಾತು ಬರುತ್ತವೆಂದು ನನಗೇ ಗೊತ್ತಿರಲಿಲ್ಲ. ದೂರದಲ್ಲಿ ಕಂಬಕ್ಕೆ ಒರಗಿ ಕಾಕಾ ನಿಂತಿದ್ದರು. ಅವರು ಅಷ್ಟು ಸಂತೋಷದಿಂದ ನಿಂತದ್ದನ್ನು ನಾನು ಮತ್ತೆ ನೋಡಲಿಲ್ಲ.

ಊಟವಾದ ಮೇಲೆ ಆಯ್ಕೆಯಾದವರ ಹೆಸರು ಕೂಗಿದರು. ನನ್ನದು ಎರಡನೆಯದು. ಮೂಲ ಕಾಗದಪತ್ರ ತೋರಿಸಲು ಮೂಲೆಯ ಮೇಜಿಗೆ ಕಳಿಸಿದರು. ಅಲ್ಲಿದ್ದವರು ಶಾಲೆಯ ದಾಖಲಾ ಕೇಳಿದರು. ಕಾಕಾ ಹುಟ್ಟಿದ ದಾಖಲಾ ಮುಂದಿಟ್ಟರು.

"ಇದಲ್ಲ ಸರ್, ಶಾಲೆಯದ್ದು ಕೊಡಿ."

ಕೊಟ್ಟರು. ಕೊಡಲೇಬೇಕಾಯಿತು. ಅವರು ಓದಿದರು, ಮೇಲಿನಿಂದ ಕೆಳಕ್ಕೆ. ತಳಕ್ಕೆ ಬಂದು ನಿಂತರು. "ತಾಲೂಕು ಜತ್ತ, ಜಿಲ್ಲೆ ಸಾಂಗಲಿ. ಇದು ಮಹಾರಾಷ್ಟ್ರ ಅಲ್ವಾ?"

"ಹುಡುಗಿ ಹುಟ್ಟಿದ್ದು ನಿಮ್ಮ ಜಿಲ್ಲಾದಾಗ ರೀ. ಕಲ್ತಿದ್ದು ಪೂರಾ ಕನ್ನಡ. ಮಾತಾಡಿದ್ದು ನೀವ ಕೇಳೀರಿ."

"ಕೇಳಿದ್ವಿ ಸರ್, ತುಂಬಾ ಚೆನ್ನಾಗಿ ಮಾತಾಡಿದಳು. ಆದರೆ ಶಾಲೆ ಯಾವ ರಾಜ್ಯದ್ದು ಅನ್ನೋದು ಮುಖ್ಯ. ನಿಮ್ಮ ರಾಜ್ಯದಲ್ಲೂ ಇಂಥದ್ದು ಇರುತ್ತಲ್ಲ, ಅಲ್ಲಿ ಹಾಕಿ."

"ಅದು ಇವತ್ತ ಅದ ರೀ," ಎಂದರು ಕಾಕಾ. ಗೋಡೆಯ ಗಡಿಯಾರ ನೋಡಿ, "ಈಗ ಮುಗಿದಿರ್ತದ," ಎಂದರು.

ಆ ಮೇಡಂ ಓಡಿ ಬಂದು ಮೇಜಿನವರೊಡನೆ ಮಾತಾಡಿದರು. ಕಾಕಾ ಕೈ ಮುಗಿದು, "ಕೆಲಸ ನೋಡ್ರಿ, ಊರ ಯಾಕ ನೋಡ್ತೀರಿ?" ಎಂದು ಮೂರು ಸಲ ಕೇಳಿದರು. ಅಲ್ಲಿ ಯಾರೂ ಕೆಟ್ಟವರಿರಲಿಲ್ಲ. ಮೇಜಿನವರು ನನಗೆ ಬಿಸ್ಕತ್ತಿನ ಪೊಟ್ಟಣ ಕೊಟ್ಟರು. ನನ್ನ ಹೆಸರಿನ ಮೇಲೆ ಗೆರೆ ಎಳೆದು, ಕೆಳಗಿನವರ ಹೆಸರನ್ನು ಮೇಲಕ್ಕೆ ಬರೆದರು.

ತಿರುಗಿ ಬರುವಾಗ ಬಸ್ಸಿನಲ್ಲಿ ಕಾಕಾ ಕುಂಡಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದರು. ಜಾಲಿಯ ಮುಳ್ಳು ಬಿಳಿ ಅಂಗಿಗೆ ಚುಚ್ಚಿ ನೂಲು ಎಳೆದಿತ್ತು. ಶೇಗಾಂವದಲ್ಲಿ ಇಳಿದ ಮೇಲೆ, "ಮನಿಗೆ ಲಗೂನ ಹೋಗವ್ವಾ, ನಿಮ್ಮಪ್ಪ ದಾರಿ ನೋಡ್ತಿರ್ತಾನ," ಎಂದಷ್ಟೇ ಹೇಳಿದರು. ಆ ಶನಿವಾರದ ಮಾತನ್ನು ನಾವಿಬ್ಬರೂ ಮುಂದೆಂದೂ ನೇರವಾಗಿ ಎತ್ತಲಿಲ್ಲ. ಅವರು ಎತ್ತದಿದ್ದುದು ತಾವೇ ತಪ್ಪಿತಸ್ಥರೆಂದು, ನಾನು ಎತ್ತದಿದ್ದುದು ಅವರಿಗೆ ನೋವಾದೀತೆಂದು. ಈಗ ಅನ್ನಿಸುತ್ತದೆ, ಒಂದು ಸಲ ಜಗಳವನ್ನಾದರೂ ಆಡಬೇಕಿತ್ತು.

ಮರುವರ್ಷ ಹತ್ತನೆಯದು, ಬೋರ್ಡಿನ ಪರೀಕ್ಷೆ. ಅದರಾಚೆ ಆ ವಯಸ್ಸಿನ ಬಾಗಿಲುಗಳೆಲ್ಲ ಮುಚ್ಚಿದವು. ಅಪ್ಪ ಹಿಂಡು ಕೂಡಿಸುವ ಮುಂಚೆ ಎರಡು ದಿನ ಕುರಿಗಳಿಗೆ ಜಾಲಿಕಾಯಿ ಸಿಗದ ಹಾಗೆ ಬೇರೆ ಕಡೆ ಮೇಯಿಸಲು ಕಲಿತ. ನನ್ನ ಸಂಶೋಧನೆಯಿಂದ ಜಗತ್ತಿಗೆ ಆದ ಪ್ರಯೋಜನ ಅಷ್ಟೇ. ಅದಕ್ಕೂ ರೈತರು ಬೈಯುವುದನ್ನು ಬಿಡಲಿಲ್ಲ. ಕಾಕಾ ಒಂದು ಕುಂಡದ ಸಸಿಯನ್ನು ಅಂಗಡಿಯ ಮುಂದೆ ನೆಟ್ಟರು. ಬಳ್ಳಾರಿ ಜಾಲಿಯನ್ನು ಕೈಯಾರೆ ನೆಟ್ಟು ನೀರು ಹಾಕಿದ ಮನುಷ್ಯ ಆ ತಾಲೂಕಿನಲ್ಲಿ ಅವರೊಬ್ಬರೇ ಇರಬೇಕು. ಗಿರಾಕಿಗಳ ಧೋತರಕ್ಕೆ, ಸೀರೆಗೆ ಮುಳ್ಳು ಸಿಕ್ಕು ಬೈಗುಳ ತಿಂದರೂ ಕಡಿಯಲಿಲ್ಲ.

ನಾನು ಮಿರಜದಲ್ಲಿ ಲ್ಯಾಬ್ ಟೆಕ್ನಿಶಿಯನ್ ಕೋರ್ಸು ಮಾಡಿ ಅಲ್ಲಿಯೇ ಒಂದು ರಕ್ತ ತಪಾಸಣೆಯ ಲ್ಯಾಬಿನಲ್ಲಿ ಕೆಲಸಕ್ಕೆ ಸೇರಿದೆ. ಹೋದ ವರ್ಷ ಒಂದು ಮಧ್ಯಾಹ್ನ ಕೌಂಟರಿನ ಮುಂದೆ ಕಾಲು ಎಳೆಯುತ್ತ ಒಬ್ಬರು ಬಂದು ನಿಂತರು. ಮುಖ ಉಬ್ಬಿತ್ತು, ಪಾದಗಳು ಚಪ್ಪಲಿಯಲ್ಲಿ ಹಿಡಿಯುತ್ತಿರಲಿಲ್ಲ. ನಾನು ಗುರುತು ಹಿಡಿದದ್ದು ಅವರು ಡಾಕ್ಟರ ಚೀಟಿಯನ್ನು ಮುಂದಿಟ್ಟು, ನಮ್ಮ ಮೇಜಿನ ಮೇಲಿದ್ದ ಸೂಚನೆಯ ಹಾಳೆಯನ್ನು ಕೈಗೆತ್ತಿಕೊಂಡು, ಹೆಬ್ಬೆರಳನ್ನು ತಳದ ಸಾಲಿಗೆ ಇಟ್ಟಾಗ.

"ಕಾಕಾ!"

ಅವರು ಕನ್ನಡಕದ ಮೇಲಿಂದ ನೋಡಿದರು. ನಾನು ಮಾಸ್ಕ್ ಇಳಿಸಿದೆ. "ರೇಣವ್ವಾ," ಎಂದರು. "ಬಿಳೇ ಕೋಟ ಹಾಕೀದಿ."

ಕುಂದ್ರಿ ಎಂದು ಕುರ್ಚಿ ಎಳೆದು, ಅವರ ಫಾರ್ಮು ನಾನೇ ತುಂಬತೊಡಗಿದೆ. ಹೆಸರು ಕೇಳುವ ಅಗತ್ಯವಿರಲಿಲ್ಲ. ವಯಸ್ಸು ಕೇಳಿದೆ. ಊರು ಶೇಗಾಂವ ಎಂದು ಬರೆದೆ, ತಾಲೂಕು ಬರೆದೆ. ಪೆನ್ನು ಮುಂದಿನ ಸಾಲಿಗೆ ಹೋಗುವುದನ್ನು ಅವರು ನೋಡುತ್ತಿದ್ದರು.

"ಜಿಲ್ಲಾ ಖರೇದ ಬರಿಯವ್ವಾ," ಎಂದರು.

ಹತ್ತು ವರ್ಷಗಳಲ್ಲಿ ಆ ಶನಿವಾರದ ಬಗ್ಗೆ ಅವರು ಆಡಿದ ಮಾತು ಅದೊಂದೇ. ನಾನು ಸಾಂಗಲಿ ಎಂದು ಬರೆದೆ.

ರಕ್ತ ತೆಗೆಯುವಾಗ ಕೇಳಿದರು, "ಸೂಕ್ಷ್ಮದರ್ಶಕ ಅದ ಏನು ಇಲ್ಲಿ?"

"ಅದ್ರಿ."

"ನಿನ್ನ ಮುಂದ? ನಿನಗೊಬ್ಬಾಕಿಗೆ?"

"ಲ್ಯಾಬಿಂದ್ರಿ. ನಾನ ನೋಡ್ತೀನಿ ದಿನಾ."

"ಏನ್ ಕಾಣ್ತದ?"

"ಮಂದೀ ರೋಗ ಕಾಣ್ತದ್ರಿ ಕಾಕಾ. ಮತ್ತೇನಿಲ್ಲ."

ಅವರದೇ ರಕ್ತದ ಒಂದು ಹನಿಯನ್ನು ಗಾಜಿನ ಮೇಲೆ ಸವರಿ, ಬಣ್ಣ ಹಾಕಿ ಒಣಗಿಸಿ, ಒಳಗೆ ಕರೆದುಕೊಂಡು ಹೋಗಿ ತೋರಿಸಿದೆ. ಕನ್ನಡಕ ತೆಗೆದು, ಒಂದು ಕಣ್ಣು ಮುಚ್ಚಿ, ಬಹಳ ಹೊತ್ತು ಬಗ್ಗಿ ನೋಡಿದರು. ಅವರು ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟದ್ದು ಅದೇ ಮೊದಲಂತೆ. ಸಾಂಗಲಿಯಲ್ಲಿ ಆ ಪಾಠ ಬರುವ ಮುಂಚೆಯೇ ವಾಪಸ್ಸಾಗಿದ್ದರು.

ರಿಪೋರ್ಟು ಸಂಜೆಗೆ ಸಿಗುತ್ತದೆ ಎಂದರೆ, ಬಸ್ಸು ತಪ್ಪುತ್ತದೆ, ಮುಂದಿನ ವಾರ ಒಯ್ಯುತ್ತೇನೆ ಎಂದು ಹೊರಟರು. ಬಾಗಿಲ ಬಳಿ ನಿಂತು, "ಸನಮಡ್ಯಾಗ ಒಂದ್ ಹುಡುಗಿ ಅದಾಳ. ಇರಿವಿ ಹಿಂದ ಬಿದ್ದಾಳ. ನಿನ್ನಂಗ," ಎಂದರು. ಇರುವೆಗಳ ಹಿಂದೆ ಬಿದ್ದ ಆ ಹುಡುಗಿಯ ಬಗ್ಗೆ ಇನ್ನೂ ಹೇಳುವವರಿದ್ದರು, ಹಿಂದಿನಿಂದ ಬೇರೆ ರೋಗಿಗಳು ಬಂದರು.

ಸಂಜೆ ಅವರ ರಿಪೋರ್ಟು ಪ್ರಿಂಟಾಗಿ ಬಂತು. ನಾನು ಅದನ್ನು ತಳದಿಂದ ಓದಿದೆ. ಮೇಲಕ್ಕೆ ಹೋಗುವ ಅಗತ್ಯ ಬೀಳಲಿಲ್ಲ. ಎರಡೂ ಕಿಡ್ನಿ ಮುಗಿದಿದ್ದವು. ಆ ಸಂಜೆಯೇ ಫೋನು ಮಾಡಿ ದೊಡ್ಡ ದವಾಖಾನೆಗೆ ಸೇರಿರೆಂದು ಹೇಳಿದೆ. "ಹೂಂ, ನೋಡೂಣವ್ವಾ, ಈ ವಾರ ಫಾರ್ಮ ಭಾಳ ಅದಾವ," ಎಂದರು. ಮುಂದಿನ ವಾರ ಬರಲಿಲ್ಲ. ಅದರ ಮುಂದಿನ ವಾರ ಅಪ್ಪನ ಫೋನು ಬಂತು.

ರಜೆ ಸಿಕ್ಕು ನಾನು ಶೇಗಾಂವಕ್ಕೆ ಹೋಗುವ ಹೊತ್ತಿಗೆ ಅಂಗಡಿ ಬೇರೆಯವರ ಕೈಗೆ ಹೋಗಿತ್ತು. ಮೊಬೈಲಿನ ಕವರುಗಳನ್ನು ತೂಗುಹಾಕಿದ್ದರು. ಜಾಲಿ ಗಿಡವನ್ನು ಕಡಿದು, ಮತ್ತೆ ಚಿಗುರದಿರಲೆಂದು ಬುಡಕ್ಕೆ ಎಣ್ಣೆ ಸುರಿದು ಸುಟ್ಟಿದ್ದರು. ಕಾಕೂ ರಜಿಸ್ಟರನ್ನು ತಂದು ನನ್ನ ತೊಡೆಯ ಮೇಲೆ ಇಟ್ಟು, "ಇದರಾಗ ಏನ್ ಬರೀತಿದ್ರೋ ಏನೋ, ನಿನಗರ ತಿಳೀತದ, ಒಯ್ಯಿ," ಎಂದರು.

ಹಳೆಯ ಪುಟಗಳಲ್ಲಿ ನನ್ನ ಸಾಲು ಹುಡುಕಿದೆ. ವಿಜಯಪುರ, ಶನಿವಾರದ ತಾರೀಖು, ರೇಣುಕಾ, ಸೊರಡಿ. ಐದನೆಯ ಕಾಲಮ್ಮಿನಲ್ಲಿ ಏನೋ ಬರೆದು, ಹೊಡೆದುಹಾಕಿ, ಮತ್ತೆ ಬರೆದು, ಮತ್ತೆ ಹೊಡೆದುಹಾಕಿದ್ದರು. ಏನೆಂದು ಓದಲಾಗಲಿಲ್ಲ. ಓದಲು ನಾನು ಹೆಚ್ಚು ಪ್ರಯತ್ನಪಡಲೂ ಇಲ್ಲ.

ಆಮೇಲೆ ಕೊನೆಯ ಪುಟಕ್ಕೆ ಹೋಗಿ ತಳದ ಸಾಲು ಓದಿದೆ. ಪುಣೆಯ ಒಂದು ಸಂಸ್ಥೆ, ಬೇಸಗೆಯ ಸಂಶೋಧನಾ ಶಿಬಿರ, ಒಂಬತ್ತನೇ ಇಯತ್ತೆಯವರಿಗೆ. ಷರತ್ತು: ಯಾವ ಮಾಧ್ಯಮವಾದರೂ ನಡೆಯುತ್ತದೆ. ಆ ಐದು ಅಕ್ಷರಗಳ "ನಡೆಯುತ್ತದೆ" ಎಂಬುದರ ಕೆಳಗೆ ಎರಡು ಗೆರೆ ಎಳೆದಿದ್ದರು. ನಮ್ಮ ಕಡೆಯ ಯಾರು: ಸನಮಡಿಯ ಹುಡುಗಿ, ಇರುವೆ. ಕೊನೆಯ ತಾರೀಖು ನಾನು ಅಲ್ಲಿ ಕೂತ ದಿನಕ್ಕೆ ಒಂಬತ್ತು ದಿನ ಹಿಂದಿನದು. ಹುಡುಗಿಗೆ ಈ ಸಂಗತಿ ಗೊತ್ತೇ ಇರಲಿಲ್ಲವೆಂದು ಆಮೇಲೆ ಸನಮಡಿಗೆ ಹೋಗಿ ಕೇಳಿದಾಗ ತಿಳಿಯಿತು. ಪುಣೆಗೆ ಫೋನೂ ಮಾಡಿದೆ, ಕಾಕಾನ ಹಾಗೆಯೇ ಕೂಗಿ. ಅವರು ಚೆನ್ನಾಗಿಯೇ ಮಾತಾಡಿದರು. ಆಗುವುದಿಲ್ಲ ಎಂದರು.

ಆ ಸಾಲಿನ ಐದನೆಯ ಕಾಲಂ ಒಂದೇ ಇಡೀ ರಜಿಸ್ಟರಿನಲ್ಲಿ ಖಾಲಿ ಇತ್ತು. ಯಾಕೆ ಆಗಲಿಲ್ಲ ಎಂಬುದನ್ನು ಬರೆಯುವವರು ಉಳಿದಿರಲಿಲ್ಲ. ಕಾಕಾ ಯಾವ ಸಾಲನ್ನೂ ಹಾಗೆ ಬಿಡುತ್ತಿರಲಿಲ್ಲವೆಂದು, ನೀಲಿ ಪೆನ್ನು ತೆಗೆದು ನಾನೇ ಬರೆದೆ: ಕಾಕಾ ಇರಲಿಲ್ಲ.